ತೂಕದ ಯಂತ್ರದ ಮುಂದೆ ನಿಂತ ಮಕ್ಕಳು
(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬೊಜ್ಜಿನ ಬಗ್ಗೆ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ಮೊದಲು ನನ್ನ ಹೊಟ್ಟೆಯನ್ನೇ ನೋಡಿಕೊಂಡೆ. ನೀವೂ ಈಗ ಅದನ್ನೇ ನೋಡುತ್ತಿದ್ದೀರಿ. ನಗಿ, ಪರವಾಗಿಲ್ಲ. ಇಲ್ಲಿ ಓದುವಾಗ ನಾನು ಕಡ್ಡಿಯಂತಿದ್ದೆ. ಹೋಗಿ ಬರಲು ಎಂಟು ಕಿಲೋಮೀಟರ್ ನಡಿಗೆ, ಬೆಳಿಗ್ಗೆ ತಂಗಳು ಮುದ್ದೆ, ಮಜ್ಜಿಗೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ಮಳೆ ಕೈಕೊಡುವ ಸೀಮೆ, ಇಲ್ಲಿಗೆ ಬೊಜ್ಜು ಎಲ್ಲಿಂದ ಬಂತು ಎಂದು ಹಿರಿಯರು ಕೇಳಬಹುದು. ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆಂದು ಈ ನಾಲ್ಕೂ ತಾಲ್ಲೂಕು ಸುತ್ತಿದ್ದೇನೆ. ಒಂದೇ ಬೆಂಚಿನಲ್ಲಿ ಒಬ್ಬ ಮೂಳೆ ಚಕ್ಕಳ, ಪಕ್ಕದವನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವನು. 2016-18ರಲ್ಲಿ ಕೇಂದ್ರ ಸರ್ಕಾರ ಮಾಡಿಸಿದ ಪೌಷ್ಟಿಕತೆಯ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ತೀರ ತೆಳು, 5 ಮಂದಿ ಅತಿ ತೂಕ. ಎರಡೂ ನಮ್ಮವೇ. ಕೆಲವು ದಪ್ಪ ಮಕ್ಕಳ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಇರುತ್ತದೆ. ತಾಯಂದಿರು ಕೊಳೆ ಎಂದು ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ಅದು ಕೊಳೆಯಲ್ಲಮ್ಮ, ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂಬ ಸೂಚನೆ. ವೈದ್ಯರಿಗೆ ತೋರಿಸಿ.

ಆದರೆ ನಾನು ಹೇಳಬೇಕೆಂದು ಬಂದದ್ದು ಇನ್ನೊಂದು. ನಮ್ಮ ಸೀಮೆಯದೇ ಒಂದು ಶಾಲೆ, ಹೆಸರು ಬೇಡ. ಪ್ರಾರ್ಥನೆಯ ಹೊತ್ತಿಗೆ ಒಂಬತ್ತನೆಯ ತರಗತಿಯ ಹುಡುಗಿ ತಲೆಸುತ್ತಿ ಬಿದ್ದಳು. "ಬೆಳಿಗ್ಗೆ ಏನು ತಿಂದೆ ಮಗಳೆ?" ಎಂದೆ. "ಏನೂ ಇಲ್ಲ ಸಾರ್. ಮುದ್ದೆ ಬಿಟ್ಟು ಹದಿನೈದು ದಿನ ಆಯ್ತು." ಮಧ್ಯಾಹ್ನದ ಬಿಸಿಯೂಟವೂ ಇಲ್ಲ. ಸಂಜೆ ಹಸಿವು ತಡೆಯಲಾರದೆ ಅಂಗಡಿಯಲ್ಲಿ ಎರಡು ಪೊಟ್ಟಣ ಕುರುಕಲು! ಕಣ್ಣಿನ ರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ತೂಕವೋ, ವಯಸ್ಸಿಗೂ ಎತ್ತರಕ್ಕೂ ಸರಿಯಾಗಿಯೇ ಇತ್ತು. ಮತ್ತೆ ಯಾಕಮ್ಮ ಎಂದರೆ ಮಾತಿಲ್ಲ. ಆಮೇಲೆ ಅವಳ ಗೆಳತಿ ಹೇಳಿದಳು: ಹಿಂದಿನ ತಪಾಸಣೆಯ ದಿನ ತೂಕವನ್ನು ಕೂಗಿ ಹೇಳಿದ್ದರು, ಹುಡುಗರು ಅಂದಿನಿಂದ ಡುಮ್ಮಿ ಎನ್ನುತ್ತಾರೆ.

ಕೂಗಿ ಹೇಳಿದವನು ನಾನೇ. ಬರೆದುಕೊಳ್ಳುವವರಿಗೆ ಕೇಳಿಸಲಿ ಎಂದು ಕೂಗಿದ್ದೆ. ಈಗ ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ದಕ್ಷಿಣ ಕೊರಿಯಾದಲ್ಲಿ 2005ರಿಂದ ಪ್ರತಿವರ್ಷ ಶಾಲಾ ಮಕ್ಕಳನ್ನು ಅವರ ಅಭ್ಯಾಸಗಳ ಬಗ್ಗೆ ಕೇಳುತ್ತಾರೆ. ಸರಿಯಾದ ತೂಕವಿದ್ದೂ ತಾವು ದಪ್ಪ ಎಂದುಕೊಂಡು ಊಟ ಬಿಡುವ ಹುಡುಗಿಯರು ಅಲ್ಲಿಯೂ ಬಹಳ. ಹೆಣ್ಣುಮಕ್ಕಳು ದೊಡ್ಡವರಾಗುವಾಗ ಮೈ ತುಂಬಿಕೊಳ್ಳುವುದು ಸಹಜ, ಅದು ಬೊಜ್ಜಲ್ಲ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಇಂಥ ಕಡೆ ಉಪವಾಸ ಇನ್ನಷ್ಟು ಅಪಾಯ.

ಮುದ್ದೆಯ ಮೇಲೆ ಸುಮ್ಮನೆ ತಪ್ಪು ಹೊರಿಸಬೇಡಿ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಒಂದು ಹಿಡಿ ಕಡ್ಲೆಕಾಯಿ ತಿಂದವನಿಗೆ ನಡುವೆ ಬಾಯಾಡಿಸಬೇಕೆನಿಸುವುದಿಲ್ಲ. 250 ಮಿಲಿಲೀಟರ್ ಕೋಲಾದಲ್ಲಿ ಸುಮಾರು ಐದು ಚಮಚ ಸಕ್ಕರೆ ಇರುತ್ತದೆ, ಹೊಟ್ಟೆ ಮಾತ್ರ ತುಂಬುವುದಿಲ್ಲ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಕ್ಕಳಿಗೆ ಮಾರಬಾರದೆಂದು 2020ರ ನಿಯಮವಿದೆ. ನಮ್ಮ ಗೇಟಿನ ಎದುರಿನ ಅಂಗಡಿಯಣ್ಣನೂ ನನ್ನ ಸಹಪಾಠಿ, ಇಲ್ಲೇ ಕೂತಿದ್ದಾನೆ. ಅವನ ಹೊಟ್ಟೆಪಾಡೂ ನೋಡಬೇಕು. ಕಡ್ಲೆಮಿಠಾಯಿ, ಬಾಳೆಹಣ್ಣು, ಬೇಯಿಸಿದ ಕಡ್ಲೆಕಾಯಿ ಇಡು, ಮೊದಲ ಗಿರಾಕಿ ನಾನೇ ಎಂದು ಬೆಳಿಗ್ಗೆ ಹೇಳಿ ಬಂದಿದ್ದೇನೆ.

ಇನ್ನು ಓಡಾಟ. ಈ ವಯಸ್ಸಿನವರು ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಗ ಮನೆ ಬಾಗಿಲಿಗೇ ಆಟೋ, ಸಂಜೆ ಕೈಗೆ ಮೊಬೈಲು. ಹುಡುಗರಾದರೂ ಎಲ್ಲೋ ಕ್ರಿಕೆಟ್ ಆಡುತ್ತಾರೆ, ಹೆಣ್ಣುಮಕ್ಕಳಿಗೆ ಜಾಗವೆಲ್ಲಿದೆ?

ಸುವರ್ಣ ಭವನಕ್ಕೆಂದು ಆಟದ ಮೈದಾನದ ಅರ್ಧ ಭಾಗಕ್ಕೆ ಸುಣ್ಣದ ಗುರುತು ಹಾಕಿರುವುದನ್ನು ಬರುವಾಗ ನೋಡಿದೆ. ದೇಣಿಗೆ ಕೊಟ್ಟವರಲ್ಲಿ ನಾನೂ ಒಬ್ಬ, ಆದ್ದರಿಂದ ಕೇಳುವ ಧೈರ್ಯ ಮಾಡುತ್ತಿದ್ದೇನೆ. ಭವನವನ್ನು ಹಳೆಯ ಕೊಠಡಿಗಳ ಮೇಲೆ ಕಟ್ಟಲಾಗುತ್ತದೆಯೇ ಎಂದು ಎಂಜಿನಿಯರನ್ನು ಒಮ್ಮೆ ವಿಚಾರಿಸಿ. ಸಂಜೆ ಆರರವರೆಗೆ ಹೆಣ್ಣುಮಕ್ಕಳಿಗಾಗಿ ಗೇಟಿನ ಬೀಗ ತೆಗೆದಿಡುವವರು ಯಾರು ಎಂಬುದನ್ನು ಎಸ್‌ಡಿಎಂಸಿಯವರು ಈ ಸಭೆ ಮುಗಿಯುವುದರೊಳಗೆ ಹೇಳಿದರೆ, ಅದನ್ನು ಕೇಳಿಕೊಂಡೇ ಊಟಕ್ಕೆ ಏಳುತ್ತೇನೆ.