ಶೆಟ್ಟಿ ಎಂಬ ಹೆಸರಿನ ಹಿರಿಮೆ
(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ವ್ಯಾಪಾರದಲ್ಲಿಯೇ ಆಯುಷ್ಯವನ್ನು ಕಳೆದವನು. ಆದರೂ ನಮ್ಮಲ್ಲಿ ಅನೇಕರ ಹೆಸರಿನೊಡನೆ ಸೇರಿರುವ 'ಶೆಟ್ಟಿ' ಎಂಬ ಪದವನ್ನು ಕುರಿತು ನಾಲ್ಕು ಮಾತುಗಳನ್ನು ನಿವೇದಿಸಬಯಸುತ್ತೇನೆ. ಏಕೆಂದರೆ ನಮ್ಮ ತರುಣರಲ್ಲಿ ಕೆಲವರು ಈ ಹೆಸರನ್ನು ಬಿಟ್ಟು 'ಜೈನ್' ಎಂದು ಬರೆದುಕೊಳ್ಳುತ್ತಿದ್ದಾರೆ. ಬಿಡುವ ಮೊದಲು, ಬಿಡುತ್ತಿರುವುದು ಏನೆಂಬುದನ್ನು ಅರಿತಿರಬೇಕಷ್ಟೆ.

ಸಂಸ್ಕೃತದ 'ಶ್ರೇಷ್ಠಿ' ಶಬ್ದವು ಪ್ರಾಕೃತದಲ್ಲಿ 'ಸೆಟ್ಠಿ'ಯಾಗಿ, ಕನ್ನಡದಲ್ಲಿ 'ಸೆಟ್ಟಿ', 'ಶೆಟ್ಟಿ' ಎಂದು ನೆಲೆಗೊಂಡಿತು. ತಮಿಳಿನ 'ಚೆಟ್ಟಿ', ಉತ್ತರದ 'ಸೇಠ್' ಇವೂ ಅದೇ ಮೂಲದವು. ವರ್ತಕರಲ್ಲಿ ಪ್ರಮುಖನಾದವನು ಎಂಬುದು ಅದರ ಅರ್ಥ. ಕುಲನಾಮವಾಗುವುದಕ್ಕೆ ಮೊದಲು ಅದು ವೃತ್ತಿಯನ್ನೂ ಮನ್ನಣೆಯನ್ನೂ ಸೂಚಿಸುವ ಪದವಿಯಾಗಿತ್ತು.

ಆ ಪದವಿಯನ್ನು ಹಿರಿಯರು ಹೇಗೆ ಹೊತ್ತರೆಂಬುದಕ್ಕೆ ಶಾಸನಗಳೇ ಸಾಕ್ಷಿ. ಹೊಂಬುಜದಲ್ಲಿ 1062ರಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಜಿನಾಲಯವನ್ನು ಕಟ್ಟಿಸಿದನು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಪೊಯ್ಸಳಸೆಟ್ಟಿ ಹಾಗೂ ನೇಮಿಸೆಟ್ಟಿ ಎಂಬುವರು ರಾಜಶ್ರೇಷ್ಠಿಗಳಾಗಿದ್ದರು. ಅವರ ತಾಯಂದಿರಾದ ಮಾಚಿಕಬ್ಬೆ ಮತ್ತು ಶಾಂತಿಕಬ್ಬೆಯರು 1117ರಲ್ಲಿ ಶ್ರವಣಬೆಳಗೊಳದ ತೇರಿನ ಬಸದಿಯನ್ನು ಕಟ್ಟಿಸಿದರು. ಪದವಿ ಮಕ್ಕಳದು, ದಾನ ತಾಯಂದಿರದು. ಎರಡೂ ಕೂಡಿ ಮನೆತನದ ಕೀರ್ತಿಯಾಯಿತು.

ಇಂದು ಈ ಹೆಸರು ಒಂದೇ ಸಮಾಜದ ಸೊತ್ತಲ್ಲ. ತುಳುನಾಡಿನಲ್ಲಿ ಬಂಟ ಬಾಂಧವರಲ್ಲಿ ಇದು ಬಹಳ ಪ್ರಚಲಿತವಾಗಿದ್ದು, ಅವರೊಡನೆ ಮುಂಬಯಿಗೆ ಹೋಗಿ ಹೋಟೆಲ್ ಉದ್ಯಮದಲ್ಲಿ ಹೆಸರಾಯಿತು. ಹಳೆಯ ಮೈಸೂರು ಸೀಮೆಯಲ್ಲಿ ಆರ್ಯವೈಶ್ಯರೂ ಬಣಜಿಗರೂ ಶೆಟ್ಟಿಗಳೆನಿಸಿಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಲಿಂಗಾಯತರಲ್ಲಿ 'ಶೆಟ್ಟರ' ಎಂಬ ಮನೆತನಗಳಿವೆ. ಕರಾವಳಿಯ ದೈವಜ್ಞರಲ್ಲಿ 'ಶೇಟ್' ಎಂಬುದುಂಟು. ಜೈನರಲ್ಲಿಯೂ ದಕ್ಷಿಣ ಕನ್ನಡದಿಂದ ಬೆಳಗಾವಿಯವರೆಗೆ, ಗಡಿಯಾಚೆ ಕೊಲ್ಲಾಪುರ ಸೀಮೆಯಲ್ಲಿಯೂ ಈ ಹೆಸರಿದೆ. ಒಂದು ಪದವಿಯು ಅನೇಕ ಸಮಾಜಗಳ ಅಂಗಳದಲ್ಲಿ ಬೇರೂರಿರುವುದು ಸೌಹಾರ್ದಕ್ಕೆ ಕಾರಣವಾಗಬೇಕೇ ಹೊರತು ಸಂಕೋಚಕ್ಕಲ್ಲ.

'ಹಾಗಾದರೆ ಶೆಟ್ಟಿ ಎಂದರೆ ಜೈನರೆಂದು ತಿಳಿಯುವುದು ಹೇಗೆ? ನಮ್ಮ ಸಂಖ್ಯೆ ಕಾಣದೆ ಹೋದೀತಲ್ಲವೇ?' ಎಂದು ತರುಣರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. 2011ರ ಜನಗಣತಿಯಲ್ಲಿ ಭಾರತದ ಜೈನರು 44,51,753, ಕರ್ನಾಟಕದಲ್ಲಿ 4,40,280. ಆದರೆ ಈ ಲೆಕ್ಕ ಬಂದದ್ದು ಧರ್ಮದ ಕಾಲಮಿನಿಂದ, ಕುಲನಾಮದಿಂದಲ್ಲ. ಆದುದರಿಂದ ಗಣತಿದಾರರು ಮನೆಗೆ ಬಂದಾಗ ಧರ್ಮವನ್ನು 'ಜೈನ' ಎಂದು ಸ್ಪಷ್ಟವಾಗಿ ಬರೆಯಿಸಿರಿ. ಅದಕ್ಕಾಗಿ ಹಿರಿಯರ ಹೆಸರನ್ನು ಅಳಿಸಬೇಕಾಗಿಲ್ಲ. 'ಜೈನ' ಎಂಬುದು ನಮ್ಮ ಧರ್ಮವನ್ನು ತಿಳಿಸುತ್ತದೆ. 'ಶೆಟ್ಟಿ' ಎಂಬುದು ಧರ್ಮವನ್ನು ನಂಬಿ ನಡೆಸಿದ ವ್ಯವಹಾರವನ್ನು ನೆನಪಿಸುತ್ತದೆ.

ನನ್ನದೊಂದು ವಿನಂತಿ. ಪ್ರತಿಯೊಂದು ಮನೆಯವರೂ ತಮ್ಮ ಮೂಲ ಗ್ರಾಮ, ಕುಲದ ಬಸದಿ, ತಿಳಿದಷ್ಟು ತಲೆಮಾರಿನ ಸ್ತ್ರೀಪುರುಷರ ಹೆಸರುಗಳನ್ನು ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಅಂಗಡಿಯ ಲೆಕ್ಕವನ್ನು ನಿತ್ಯವೂ ಬರೆಯುವ ನಾವು ಮನೆತನದ ಲೆಕ್ಕವನ್ನು ಮರೆಯಬಾರದು. ತೂಕದಲ್ಲಿ ಸತ್ಯ, ಗಳಿಕೆಯಲ್ಲಿ ಮಿತಿ, ದಾನದಲ್ಲಿ ಔದಾರ್ಯವಿದ್ದರೆ ಮಾತ್ರ ನಾವು ಹೊತ್ತಿರುವ ಹೆಸರು ಸಾರ್ಥಕ.

ಜೈ ಜಿನೇಂದ್ರ.