ಬೀಜದ ಗುಣ, ಹೊಲದ ಗುಣ



ರಾಗಿ ನಾಟಿಯ ವಿಚಾರ ಮಾತಾಡಲೆಂದು ಒಂದು ಹಳ್ಳಿಗೆ ಹೋಗಿದ್ದೆ. ಜಗುಲಿಯ ಮೇಲೆ ಒಬ್ಬ ಅಜ್ಜಿ ಒಂದೂವರೆ ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಮಗು ತೀರ ಬಡಕಲು. "ನಮ್ಮ ಕಡೆಯೋರೆಲ್ಲ ಎತ್ತರದ ಆಳು ಸ್ವಾಮಿ. ಇದು ಸೊಸೆ ತಂದ ತಳಿ. ಏನಿಕ್ಕಿದರೂ ಇಷ್ಟೇ" ಎಂದರು. ಸೊಸೆ ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

ನಾನು ಕೇಳಿದೆ: "ಅಜ್ಜೀ, ಒಂದೇ ಮೂಟೆಯ ರಾಗಿ. ಗೊಬ್ಬರ ಉಂಡ ಹೊಲದಲ್ಲಿ ತೆನೆ ಹೇಗಿರುತ್ತೆ? ಕಲ್ಲುಹೊಲದಲ್ಲಿ ಹೇಗಿರುತ್ತೆ?"

"ಕಲ್ಲುಹೊಲದಲ್ಲಿ ಏನು ಬಂದೀತು? ಅದು ಬೀಜದ ತಪ್ಪಲ್ಲ ಬಿಡಿ" ಎಂದರು. ಹೇಳಿದ ಮೇಲೆ ಮಗುವನ್ನು ಒಮ್ಮೆ ನೋಡಿ ಸುಮ್ಮನಾದರು.

ಹಾಗೆಂದು ಬೀಜ ಮುಖ್ಯವಲ್ಲವೆಂದು ತಿಳಿಯಬೇಡಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಆದರೆ ಆ ತಳಿಗೂ ಗೊಬ್ಬರ, ತೇವ ಬೇಕೇಬೇಕು. ಎಷ್ಟು ಬೆಳೆಯಬಲ್ಲದು ಎಂಬುದು ಬೀಜದಲ್ಲಿದೆ; ಅಷ್ಟೂ ಬೆಳೆಸುವುದು ಆರೈಕೆಯಲ್ಲಿದೆ.

ಮನುಷ್ಯರಲ್ಲೂ ಹೀಗೆಯೇ. ನಮ್ಮ ಮೈಯ ಜೀವಕಣಗಳಲ್ಲಿ 23 ಜೊತೆ, ಅಂದರೆ 46 ವರ್ಣತಂತುಗಳಿವೆ. ವಂಶದ ಗುಣಗಳನ್ನು ಹೊರುವ ಜೀನುಗಳು ಇವುಗಳಲ್ಲಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಆದ್ದರಿಂದ ಮಗುವಿನಲ್ಲಿ ಸೊಸೆಯ ತಳಿ ಎಷ್ಟೋ ನಿಮ್ಮ ಮಗನ ತಳಿಯೂ ಅಷ್ಟೇ. ಇನ್ನು ಹೆಣ್ಣೋ ಗಂಡೋ ಎಂಬ ಮಾತು. ತಾಯಿಯಿಂದ ಬರುವುದು ಯಾವಾಗಲೂ ಎಕ್ಸ್ ಎಂಬ ವರ್ಣತಂತು. ತಂದೆಯಿಂದಲೂ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವುದು ಶುದ್ಧ ತಪ್ಪು. ಮಗನನ್ನೂ ದೂರುವಂತಿಲ್ಲ; ಅದು ಅವನ ಕೈಯಲ್ಲೂ ಇಲ್ಲ.

ರಕ್ತದ ಗುಂಪು ಬೀಜದ ಗುಣ. ಏನು ತಿಂದರೂ ಬದಲಾಗದು. ಎತ್ತರ, ಮೈಕಟ್ಟು ಹಾಗಲ್ಲ. ಅವು ಬೀಜ, ಆರೈಕೆ ಎರಡೂ ಸೇರಿ ಆಗುವಂಥವು. ಎತ್ತರದ ತಂದೆತಾಯಿಯ ಮಗುವೂ ಅರೆಹೊಟ್ಟೆಯಲ್ಲಿದ್ದು, ಪದೇಪದೇ ಭೇದಿಯಾದರೆ ಕುಗ್ಗುತ್ತದೆ. ಗರ್ಭದಿಂದ ಹಿಡಿದು ಎರಡು ವರ್ಷ ತುಂಬುವವರೆಗಿನ ಆರೈಕೆ ಬಹಳ ಮುಖ್ಯ.

ಆದರೆ ಒಂದು ಕಡೆ ಬೀಜವನ್ನೂ ನೋಡಬೇಕು. ಮೆಂಡೆಲ್ ಎಂಬ ಯುರೋಪಿನ ಸನ್ಯಾಸಿ 1866ರಲ್ಲಿ ಬಟಾಣಿ ಗಿಡಗಳ ವಿಚಾರ ಬರೆದ. ಎತ್ತರದ ಗಿಡಕ್ಕೆ ಗಿಡ್ಡ ಗಿಡವನ್ನು ಕೂಡಿಸಿದಾಗ ಮೊದಲ ತಲೆಮಾರೆಲ್ಲ ಎತ್ತರ. ಮುಂದಿನದರಲ್ಲಿ ಸುಮಾರು ಕಾಲುಭಾಗ ಗಿಡ್ಡ. ಗುಣ ಅಡಗಿತ್ತೇ ಹೊರತು ಅಳಿದಿರಲಿಲ್ಲ. ಥಲಸ್ಸೇಮಿಯ ಎಂಬ ರಕ್ತದ ಕಾಯಿಲೆ, ಹುಟ್ಟುಕಿವುಡಿನ ಕೆಲವು ಬಗೆಗಳು ಹೀಗೆ ಅಡಗಿ ಬರುತ್ತವೆ. ತಂದೆತಾಯಿ ಇಬ್ಬರಲ್ಲೂ ಒಂದೇ ಕೊರತೆ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಅಕ್ಕನ ಮಗಳು, ಸೋದರಮಾವನ ಮಗಳು ಎಂದು ಒಳಸಂಬಂಧ ಮಾಡಿದಾಗ ಈ ಸಂಭವ ಹೆಚ್ಚು. ಎಲ್ಲ ಮಕ್ಕಳಿಗೂ ಆಗುತ್ತದೆಂದಲ್ಲ. ಆದರೂ ಅಂಥ ಕಾಯಿಲೆ ಮನೆತನದಲ್ಲಿ ಕಂಡಿದ್ದರೆ, ಲಗ್ನ ಗೊತ್ತುಮಾಡುವ ಮೊದಲೇ ಡಾಕ್ಟರನ್ನು ಕೇಳಿ.

ಆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಮಿಕ್ಕದ್ದನ್ನು ಉಣ್ಣುತ್ತಿದ್ದವಳು ಸೊಸೆ. ಮಗುವಿಗೆ ಬರೀ ತೆಳು ಗಂಜಿ. ಮಗುವನ್ನು ಆಸ್ಪತ್ರೆಗೆ ತೋರಿಸಿ, ತಿಂಗಳು ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ ಎಂದು ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆಗೆ ಗಟ್ಟಿ ರಾಗಿ ಸರಿ, ಮಿದ್ದ ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ. ಕುಡಿಯಲು ಕಾಯಿಸಿ ಆರಿಸಿದ ನೀರು. ಬಸುರಿ ಬಾಣಂತಿಯರಿಗೆ ಮೊದಲ ತಟ್ಟೆ.

ಬೆಳೆ ಸೊರಗಿದರೆ ನೀವು ಮೊದಲು ಬೇರು ನೋಡುತ್ತೀರಿ, ಮಣ್ಣು ನೋಡುತ್ತೀರಿ. ಮಗು ಸೊರಗಿದಾಗಲೂ ಹಾಗೆಯೇ ನೋಡಿ. ತಳಿಯನ್ನು ಬಯ್ಯುವ ಮಾತು ಬೇಡ.