ಕುರ್ಚಿ ಕೊಟ್ಟ ಮೇಲೆ

ಆರು ವರ್ಷದ ಹಿಂದಿನ ಮಾತು. ನಮ್ಮ ಬಡಾವಣೆಯ ಗಣೇಶೋತ್ಸವದ ಲೆಕ್ಕ ಮುಗಿದಾಗ, ಎಂದೂ ಇಲ್ಲದ ಹಾಗೆ, ಕೈಯಲ್ಲಿ ಸ್ವಲ್ಪ ಹಣ ಉಳಿಯಿತು. ಉಳಿದ ಹಣವನ್ನು ಇಟ್ಟುಕೊಂಡರೆ ಅನುಮಾನ, ಖರ್ಚು ಮಾಡಿದರೆ ಜಗಳ. ನಡೆಯಲಾರದವರಿಗೆ ಗಾಲಿಕುರ್ಚಿ ಕೊಡಿಸೋಣ ಎಂದು ಸಮಿತಿಯಲ್ಲಿ ಯಾರೋ ಸೂಚಿಸಿದರು, ಎಲ್ಲರೂ ಒಪ್ಪಿದರು. ಸಾಲದ ಹಣಕ್ಕಾಗಿ ನಾವು ಐದು ಮಂದಿ ರಸೀದಿ ಪುಸ್ತಕ ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿ ಇಳಿದೆವು. ಜನ ಧಾರಾಳವಾಗಿ ಕೊಟ್ಟರು. ಕುರ್ಚಿಯ ಬೆನ್ನಿನ ಮೇಲೆ ತಮ್ಮ ತಂದೆಯವರ ಹೆಸರು ಬರೆಸುವುದಾದರೆ ಒಂದು ಪೂರ್ತಿ ಕುರ್ಚಿಯ ಹಣ ತಮ್ಮದೇ ಎಂದು ಒಬ್ಬ ಮಹನೀಯರು ಹೇಳಿದರು. ಬರೆಸಿದೆವು. ಹೀಗೆ ನಾಲ್ಕು ಕುರ್ಚಿಗಳು ಬಂದವು. ಸಭೆಯಾಯಿತು, ಹಾರ ಹಾಕಿದ್ದಾಯಿತು, ಫೋಟೋ ಹಿಡಿದದ್ದಾಯಿತು. ಅಂದು ಭಾಷಣ ಮಾಡಿದವನು ನಾನೇ. ಚೆನ್ನಾಗಿತ್ತು ಎಂದು ಹಲವರು ಹೇಳಿದರು.

ಆ ಭಾಷಣಕ್ಕೆ ತಿದ್ದುಪಡಿಯೆಂದು ಇವತ್ತಿನ ನನ್ನ ಮಾತುಗಳನ್ನು ಕೇಳುಗರು ಎಣಿಸಬಹುದು.

ಕುರ್ಚಿ ಪಡೆದ ನಾಲ್ವರಲ್ಲಿ ಒಬ್ಬ ಇಪ್ಪತ್ತಾರು ವರ್ಷದ ಹುಡುಗ. ಅಡಿಕೆ ಕೊನೆ ಕೊಯ್ಯುವ ಕೆಲಸದವನು. ಮಳೆಗಾಲ ಮುಗಿಯುವ ಹೊತ್ತಿಗೆ ಜಾರುವ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಸ್ಪರ್ಶವೂ ಇಲ್ಲ. ನಮ್ಮ ಸಭೆಗೆ ಅವನನ್ನು ನಾಲ್ಕು ಜನ ಹೊತ್ತು ತಂದಿದ್ದರು. ಕುರ್ಚಿಯಲ್ಲಿ ಕೂತು ತಾನೇ ಗಾಲಿ ತಿರುಗಿಸಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಸಭಾಭವನದ ನೆಲ ನುಣುಪಾದ ಕಲ್ಲಿನದು ಎಂಬುದನ್ನು ಆಗ ನಾವು ಯಾರೂ ಗಮನಿಸಲಿಲ್ಲ.

ಎಂಟು ತಿಂಗಳ ಮೇಲೆ ಒಂದು ಮದುವೆಗೆಂದು ಆ ಕಡೆ ಹೋಗಿದ್ದೆ. ಹೇಗೂ ಬಂದಿದ್ದೇನೆ, ನೋಡಿಕೊಂಡು ಹೋಗೋಣವೆಂದು ಅವನ ಮನೆ ಹುಡುಕಿದೆ. ಕುರ್ಚಿ ಜಗಲಿಯ ಮೇಲೆ ಮಡಿಚಿ ನಿಂತಿತ್ತು. ಅದರ ಮೇಲೆ ಒಂದು ಗೋಣಿಚೀಲ, ಚೀಲದ ಮೇಲೆ ಹಂಡೆಯ ಮುಚ್ಚಳ. ಹುಡುಗ ಒಳಗೆ ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ. ಅವನ ತಾಯಿ ಬಹಳ ಸಂಕೋಚದಿಂದ, ನಮ್ಮ ತಪ್ಪನ್ನು ತನ್ನ ತಪ್ಪೆಂಬಂತೆ, “ಬಾಗಿಲಲ್ಲಿ ಹಿಡಿಸೋದಿಲ್ಲ ಮೇಷ್ಟ್ರೇ” ಎಂದರು. ಕುರ್ಚಿಯ ಅಗಲ 26 ಅಂಗುಲ, ಬಾಗಿಲಿನದು 24. ಅಂಗಳಕ್ಕೆ ಇಳಿಸಿದರೆ ಮುಂದಿನ ಪುಟ್ಟ ಗಾಲಿಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದವು. ಆದರೂ ಹುಡುಗ ಹಟಮಾಡಿ ಮೊದಮೊದಲು ದಿನವಿಡೀ ಜಗಲಿಯಲ್ಲಿ ಅದರ ಮೇಲೆಯೇ ಕೂತಿದ್ದನಂತೆ. ಅಲ್ಲಿಂದಲೇ ಹುಣ್ಣು ಪ್ರಾರಂಭವಾದದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ನೀವು ಒಂದೇ ಕಡೆ ಕೂತರೆ ಐದು ನಿಮಿಷಕ್ಕೊಮ್ಮೆ ನಮಗೆ ತಿಳಿಯದೆಯೇ ಹೊರಳುತ್ತೇವೆ; ನೋವು ನಮ್ಮನ್ನು ಹೊರಳಿಸುತ್ತದೆ. ಸ್ಪರ್ಶವಿಲ್ಲದವನಿಗೆ ಆ ಎಚ್ಚರಿಕೆ ಇಲ್ಲ. ಮೂಳೆಯ ಒತ್ತಡಕ್ಕೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಮೊದಲು ಕೆಂಪು ಕಲೆ, ಆಮೇಲೆ ಹುಣ್ಣು, ಆಮೇಲೆ ಮೂಳೆಯವರೆಗೆ ಗಾಯ. ಹಾಸಿಗೆ ಹುಣ್ಣು ಎನ್ನುತ್ತೇವಾದರೂ ಕುರ್ಚಿಯಲ್ಲಿಯೂ ಅದು ಬರುತ್ತದೆ, ನಂಜೇರಿದರೆ ಪ್ರಾಣವನ್ನೂ ತೆಗೆಯುತ್ತದೆ. ನಾವು ಕೊಟ್ಟ ಕುರ್ಚಿಯ ಪೀಠ ಒಂದು ಪದರ ರೆಕ್ಸಿನ್; ದಿಂಬು ಇರಲಿಲ್ಲ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎರಡು ಕೈ ಊರಿ ಮೈಯನ್ನು ಎತ್ತಿ ಹಿಡಿಯಬೇಕೆಂದು ಅವನಿಗೆ ಹೇಳಿದವರೂ ಇರಲಿಲ್ಲ. ನನಗೇ ಗೊತ್ತಿಲ್ಲದ್ದನ್ನು ನಾನು ಹೇಗೆ ಹೇಳಲಿ?

ಊರಿಗೆ ಬಂದು, ಫಿಸಿಯೋಥೆರಪಿ ಓದಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಇದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, “ಸಾರ್, ಮೊಮ್ಮಗಳಿಗೆ ಚಪ್ಪಲಿ ತರುವಾಗ ಕಾಲಿನ ಅಳತೆ ತೊಗೊಂಡು ಹೋಗ್ತೀರಲ್ಲ, ಇದಕ್ಕೆ ಯಾಕೆ ತೊಗೊಳ್ಳಲಿಲ್ಲ?” ಎಂದಳು. ನಲವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವನಿಗೆ ಇಂಥ ಪ್ರಶ್ನೆ ಒಂದಾದರೂ ಬರಬೇಕಾದದ್ದೇ.

ಆಮೇಲೆ ತಿಳಿಯಿತು, ಈ ತಪ್ಪು ನಮ್ಮ ಬಡಾವಣೆಯವರ ಸ್ವಂತ ಸಂಶೋಧನೆಯೇನೂ ಅಲ್ಲ, ಜಗತ್ತೇ ಮಾಡಿ ಕಲಿತದ್ದು ಎಂದು. ನಾವು ಕೊಟ್ಟಂಥ ಮಡಿಚುವ ಕುರ್ಚಿಯನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದವರು ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಹರ್ಬರ್ಟ್ ಎವರೆಸ್ಟ್ ಮತ್ತು ಅವರ ಇಂಜಿನಿಯರ್ ಮಿತ್ರ ಹ್ಯಾರಿ ಜೆನಿಂಗ್ಸ್. ಮೋಟಾರು ಕಾರಿನೊಳಗೆ ಇಡುವಂತಿರಬೇಕು ಎಂಬುದು ಅವರ ಉದ್ದೇಶ. ಕಾರು, ಕಾಂಕ್ರೀಟು ರಸ್ತೆ, ಅಗಲವಾದ ಬಾಗಿಲು ಇದ್ದವರಿಗೆ ಅದು ದೊಡ್ಡ ಉಪಕಾರವೇ. ಅದನ್ನು ತಂದು ಅಡಿಕೆ ತೋಟದ ಅಂಚಿನಲ್ಲಿ ಇಟ್ಟವರು ನಾವು.

ಅಮೆರಿಕದ ಇನ್ನೊಬ್ಬ ಇಂಜಿನಿಯರು ಡಾನ್ ಶೆಂಡಾರ್ಫರ್. 1979ರಲ್ಲಿ ಮೊರಾಕೋ ದೇಶದಲ್ಲಿ ಹೆಂಗಸೊಬ್ಬಳು ಮಣ್ಣಿನ ರಸ್ತೆಯನ್ನು ತೆವಳಿಕೊಂಡು ದಾಟುವುದನ್ನು ಅವರು ನೋಡಿದರು. ಆ ದೃಶ್ಯ ಅವರನ್ನು ಬಿಡಲಿಲ್ಲ. ಬಹಳ ವರ್ಷಗಳ ಮೇಲೆ, ಅಂಗಳದಲ್ಲಿ ಹಾಕುವ ಬಿಳಿಯ ಪ್ಲಾಸ್ಟಿಕ್ ಕುರ್ಚಿಗೆ ಸೈಕಲ್ಲಿನ ಮಾದರಿಯ ಗಾಲಿ ಜೋಡಿಸಿ ಅತಿ ಕಡಿಮೆ ಬೆಲೆಯ ಗಾಲಿಕುರ್ಚಿ ಮಾಡಿದರು. 2001ರಲ್ಲಿ ಒಂದು ಸಂಸ್ಥೆಯನ್ನೂ ಕಟ್ಟಿದರು. ಮೊದಲ ಕೆಲವು ಕುರ್ಚಿಗಳು ಬಂದದ್ದು ನಮ್ಮ ದೇಶಕ್ಕೇ. ಚಂದಾ ಎತ್ತುವವರ, ಸ್ವಯಂಸೇವಕರ ಬಲದಿಂದ ಆ ಸಂಸ್ಥೆ ಇದುವರೆಗೆ ಹತ್ತು ಲಕ್ಷಕ್ಕೂ ಮೀರಿ ಕುರ್ಚಿಗಳನ್ನು ಕೊಟ್ಟಿದೆ. ಆದರೆ ಎಲ್ಲರಿಗೂ ಒಂದೇ ಅಚ್ಚಿನ ಕುರ್ಚಿ ಸಾಲದೆಂದು ಅವರಿಗೂ ಕಂಡಿತು. ಮೈಯ ಅಳತೆಗೆ ತಕ್ಕಂತೆ ಹೊಂದಿಸಬಹುದಾದ ಮಾದರಿಗಳನ್ನು ಆಮೇಲೆ ತಂದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಹತ್ತು ಲಕ್ಷದ ಲೆಕ್ಕದಿಂದಲ್ಲ, ಈ ತಿದ್ದಿಕೊಂಡ ಬುದ್ಧಿಯಿಂದ.

ಇದಕ್ಕಿಂತ ಹಿಂದಿನ ಮಾತೊಂದಿದೆ. 1966ರ ಮೋಟಾರ್‌ಸೈಕಲ್ ಅಪಘಾತದಿಂದ ಸ್ವತಃ ಗಾಲಿಕುರ್ಚಿ ಹಿಡಿದ ರಾಲ್ಫ್ ಹಾಚ್‌ಕಿಸ್ ಎಂಬ ಅಮೆರಿಕದವರು 1980ರಲ್ಲಿ ನಿಕರಾಗುವಾ ದೇಶಕ್ಕೆ ಹೋದಾಗ, ಅಲ್ಲಿ ಕೆಲವು ಹುಡುಗರು ಒಂದೇ ಕುರ್ಚಿಯನ್ನು ಹಂಚಿಕೊಂಡು, ಮುರಿದದ್ದನ್ನು ತಾವೇ ರಿಪೇರಿ ಮಾಡಿಕೊಂಡು ಬಳಸುತ್ತಿದ್ದರು. ಕಲಿಸಲು ಹೋದವರು ಅವರಿಂದ ಕಲಿತರು. ಕುರ್ಚಿಯನ್ನು ಆಯಾ ಊರಿನ ವರ್ಕ್‌ಶಾಪಿನಲ್ಲಿ, ಆಯಾ ಊರಿನಲ್ಲಿ ಸಿಗುವ ಸಾಮಾನಿನಿಂದ ಮಾಡುವಂತಿರಬೇಕೆಂದು ಜೀವನವಿಡೀ ದುಡಿದರು. ಕೂರುವವನ ಮಾತು ಮೊದಲು ಕೇಳಬೇಕು ಎಂಬುದು ನಮ್ಮ ಕರ್ನಾಟಕಕ್ಕೂ ಹೊಸದಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದ ಎನ್. ಎಸ್. ಹೇಮಾ ಅವರು ತಾವೇ ಪೋಲಿಯೋ ಪೀಡಿತರಾಗಿದ್ದವರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 8 ಕೋಟಿ ಜನಕ್ಕೆ ಗಾಲಿಕುರ್ಚಿ ಬೇಕು. 2008ರಲ್ಲಿ ಆ ಸಂಸ್ಥೆ, ಕುರ್ಚಿ ಕೊಡುವ ಕೆಲಸವನ್ನು ಎಂಟು ಹೆಜ್ಜೆಗಳಾಗಿ ವಿಂಗಡಿಸಿತು. ನಾನು ತವಕದಿಂದ ಓದಿದೆ. ಹಣ ಹೊಂದಿಸುವುದು ನಾಲ್ಕನೆಯ ಹೆಜ್ಜೆ. ನಾವು ಮೊದಲನೆಯದನ್ನೂ ಕೊನೆಯದನ್ನೂ ಹಾರಿ, ನಾಲ್ಕನೆಯದರ ಮೇಲೆ ನಿಂತು ಹಾರ ಹಾಕಿಸಿಕೊಂಡಿದ್ದೆವು.

ಸರಿ, ಮತ್ತೆ ಹೊರಟೆವು. ಮೊದಲು ಹುಣ್ಣು ಮಾಯಬೇಕಿತ್ತು; ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ನನ್ನ ವಿದ್ಯಾರ್ಥಿನಿ ಟೇಪು ಹಿಡಿದು ಅಳೆದಳು. ಸೊಂಟದ ಅಗಲ ಎಷ್ಟು, ತೊಡೆಯ ಉದ್ದ ಎಷ್ಟು, ಮೊಣಕಾಲಿನಿಂದ ಹಿಮ್ಮಡಿಗೆ ಎಷ್ಟು, ಹುಡುಗ ಎಲ್ಲೆಲ್ಲಿ ಹೋಗಬೇಕೆಂದು ಆಸೆಪಡುತ್ತಾನೆ, ಎಲ್ಲವನ್ನೂ ಬರೆದುಕೊಂಡಳು. ಹುಡುಗ ಸಣಕಲು; 14 ಅಂಗುಲದ ಪೀಠ ಸಾಕು ಎಂದಾಯಿತು. ಒಟ್ಟು ಅಗಲ 22ಕ್ಕೆ ಇಳಿಯಿತು. ಹಾಗೆ ಬಾಗಿಲಿನ ಸಮಸ್ಯೆ ಬಗೆಹರಿಯಿತು.

ಉಳಿದದ್ದು ಜಗಲಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು, ಆಗ ಕುರ್ಚಿಯವನು ತಾನೇ ಹತ್ತಿ ಇಳಿಯಬಹುದು. ಆ ಜಗಲಿ ಮೂರು ಅಡಿ. ಲೆಕ್ಕ ಹಾಕಿದರೆ ಇಳಿಜಾರು ಪಕ್ಕದ ಮನೆಯ ದನದ ಕೊಟ್ಟಿಗೆಯೊಳಗೆ ಹೋಗಿ ಮುಗಿಯುತ್ತಿತ್ತು. ಹುಡುಗನೇ ಉಪಾಯ ಹೇಳಿದ: “ಹಿತ್ತಲ ಕಡೆ ನೆಲ ಸಮ ಇದೆ ಸಾರ್.” ನಾವು ಎಂಟು ಸಾರಿ ಹೋಗಿದ್ದೆವು, ಒಬ್ಬರೂ ಹಿತ್ತಲು ನೋಡಿರಲಿಲ್ಲ. ಹಿತ್ತಲ ಬಾಗಿಲಿಗೂ ನಾಲ್ಕು ಅಂಗುಲದ ಹೊಸ್ತಿಲಿತ್ತು. ಅದನ್ನು ಕೊಯ್ದು ತೆಗೆಯೋಣವೆಂದ ಬಡಗಿಗೆ ತಾಯಿ, “ಹಿತ್ತಲದ್ದಾದರೂ ಹೊಸ್ತಿಲು ಹೊಸ್ತಿಲೇ ಅಲ್ಲವೇನಪ್ಪ” ಎಂದರು. ಬಡಗಿ ವಾದಿಸಲಿಲ್ಲ. ಒಳಗೊಂದು ಹೊರಗೊಂದು ನಾಲ್ಕು ನಾಲ್ಕು ಅಡಿಯ ಇಳಿಜಾರು ಹಲಗೆ ಮಾಡಿ ಹೊಸ್ತಿಲಿಗೆ ಸಮವಾಗಿ ಕೂರಿಸಿದ. ಅರಿಸಿನ ಕುಂಕುಮಕ್ಕೆ ಹೊಸ್ತಿಲೂ ಉಳಿಯಿತು, ಗಾಲಿಗೆ ದಾರಿಯೂ ಆಯಿತು.

ಹಣದ ಮಾತು. ಕುರ್ಚಿಗೆ ಕೊಟ್ಟ ಜನ ಈ ಸಾರಿ ಕೈ ಹಿಡಿದರು. ದಿಂಬು, ಹಲಗೆ, ಟ್ಯೂಬು, ಬಸ್ ಚಾರ್ಜು ಇವಕ್ಕೆ ಯಾರು ಕೊಡುತ್ತಾರೆ? ದಿಂಬಿನ ಮೇಲೆ ತಂದೆಯ ಹೆಸರು ಬರೆಸುವುದೂ ಕಷ್ಟ! ಒಬ್ಬರಂತೂ, “ಕುರ್ಚಿ ಕೊಟ್ಟಾಯ್ತಲ್ರೀ, ಇನ್ನೂ ಏನು?” ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ನಿವೃತ್ತ ನರ್ಸಮ್ಮ ಒಬ್ಬರು, ಏನೂ ಕೇಳದೆ, ಎರಡು ದಿಂಬಿನ ಹಣ ಕೊಟ್ಟರು. “ಒಂದು ಒಗೆದಾಗ ಇನ್ನೊಂದು ಬೇಕಲ್ಲ” ಎಂದರು. ಅಂದಿನಿಂದ ನಮ್ಮ ಸಮಿತಿಯಲ್ಲಿ ಒಂದು ಕಟ್ಟುಪಾಡು: ಎತ್ತಿದ ಹಣದಲ್ಲಿ ಮೂರು ಪಾಲು ಕುರ್ಚಿಗೆ, ಒಂದು ಪಾಲು ಕುರ್ಚಿ ಕೊಟ್ಟ ಮೇಲಿನದಕ್ಕೆ. ತಿಂಗಳಿಗೆ ಒಂದು ಭೇಟಿ, ಆಮೇಲೆ ಮೂರು ತಿಂಗಳಿಗೊಂದು. ಇಬ್ಬರು ಕಾಲೇಜು ಹುಡುಗಿಯರು ಅಳತೆ ಕಲಿತಿದ್ದಾರೆ. ಕೇಂದ್ರ ಸರ್ಕಾರದ ನೆರವಿನಿಂದ ಕುರ್ಚಿ ಕೊಡುವ ಯೋಜನೆ 1981ರಿಂದಲೂ ಇದೆ. ಅದಕ್ಕೆ ಬೇಕಾದ ಅಂಗವೈಕಲ್ಯ ಗುರುತಿನ ಚೀಟಿ, ಆದಾಯ ಪತ್ರ ಇವುಗಳಿಗೆ ಓಡಾಡುವುದೂ ಸ್ವಯಂಸೇವೆಯೇ ಎಂದು ನಾವೀಗ ಕಂಡುಕೊಂಡಿದ್ದೇವೆ. ಅದಕ್ಕೆ ಫೋಟೋ ಹಿಡಿಯುವವರು ಬರುವುದಿಲ್ಲ, ಅಷ್ಟೆ.

ಮೊದಲ ಕುರ್ಚಿ ಏನಾಯಿತೆಂದು ಕೇಳಬಹುದು. ನಮ್ಮ ಬೀದಿಯಲ್ಲಿ ಮೊಸಾಯಿಕ್ ನೆಲದ ಮನೆಯೊಂದರಲ್ಲಿ ಒಬ್ಬ ಅಜ್ಜಿ ಇದ್ದಾರೆ. ದಿಂಬು ಹಾಕಿಕೊಂಡು ಅದರಲ್ಲಿ ನಡುಮನೆಗೂ ಊಟದ ಕೋಣೆಗೂ ಓಡಾಡುತ್ತಾರೆ. ಕುರ್ಚಿ ಕೆಟ್ಟದ್ದಾಗಿರಲಿಲ್ಲ, ವಿಳಾಸ ತಪ್ಪಿತ್ತು. ಉಳಿದ ಮೂರರಲ್ಲಿ ಒಂದು ಚೆನ್ನಾಗಿ ಬಳಕೆಯಲ್ಲಿತ್ತು. ಒಂದರ ಗಾಲಿ ಮುರಿದು ಮೂಲೆ ಸೇರಿತ್ತು. ಎರಡು ಬೇರಿಂಗು ಹಾಕಿಸಿದರೆ ಓಡಿತು. ಇನ್ನೊಂದನ್ನು ಪಡೆದ ಮುದುಕರು ನಾವು ಹೋಗುವ ಹೊತ್ತಿಗೆ ತೀರಿಕೊಂಡಿದ್ದರು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

1954ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡಂತಾದ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವನ್ನೂ ಕಟ್ಟಿದರು. ನಮ್ಮ ಹುಡುಗನಿಗೆ ಈ ಕತೆ ಹೇಳಿದೆ. ಅವನು ನಕ್ಕು, “ನಾನು ಅಡಿಕೆ ಸುಲೀತೀನಿ ಸಾರ್, ಅಷ್ಟು ಸಾಕು” ಎಂದ. ಈಗ ಹಿತ್ತಲ ಬಾಗಿಲಿನಿಂದ ಹೊರಟು ತೋಟದ ಮಗ್ಗುಲಿನ ಮನೆಗೆ ದಿನವೂ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ. ಅರ್ಧ ಗಂಟೆಗೊಮ್ಮೆ ಕೈ ಊರಿ ಮೈ ಎತ್ತಬೇಕೆಂದು ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡಿದ್ದಾನೆ. ಅದು ಬಾರಿಸಿದಾಗ ಸುಲಿಯುವ ಹೆಂಗಸರೂ ಒಮ್ಮೆ ಎದ್ದು ಬೆನ್ನು ಚಾಚುತ್ತಾರಂತೆ.

ಮೊನ್ನೆ ಫೋನು ಮಾಡಿದ್ದ. ಎಡಗಾಲಿ ಪಂಕ್ಚರ್ ಆಗಿದೆಯಂತೆ. ನಾನು ಹೊರಡಲು ಚೀಲ ಹುಡುಕುತ್ತಿದ್ದೆ. “ಬರಬೇಡಿ ಸಾರ್, ಸೈಕಲ್ ಶಾಪಿನವನು ಹಾಕಿಕೊಟ್ಟ. ಮುಂದಿನ ಸಲ ಬರುವಾಗ ಒಂದು ಟ್ಯೂಬು ತನ್ನಿ” ಎಂದ.